ಅದಲುಬದಲಾಗದ ವರ್ಣತಂತು: ಹಣ್ಣುನೊಣ, ರೇಷ್ಮೆಹುಳು ಮತ್ತು ಮೈಸೂರು ಸೀಮೆ

ಹೆಣ್ಣು ರೇಷ್ಮೆಚಿಟ್ಟೆ ತಾನಿಡುವ ಒಂದೊಂದು ಮೊಟ್ಟೆಗೂ 28 ವರ್ಣತಂತುಗಳನ್ನು ಕೊಡುತ್ತದೆ. ಅವುಗಳಲ್ಲಿ ಕೆಲವು ಅದಕ್ಕೆ ತಂದೆಯಿಂದ ಬಂದಿರುತ್ತವೆ, ಉಳಿದವು ತಾಯಿಯಿಂದ. ಬಂದದ್ದೆಲ್ಲ ಬಂದ ಹಾಗೆಯೇ, ಒಂದು ತುಂಡೂ ಬದಲಾಗದೆ ಮುಂದಿನ ಪೀಳಿಗೆಗೆ ದಾಟುತ್ತದೆ. ಗಂಡುಚಿಟ್ಟೆಯಲ್ಲಿ ಹೀಗಾಗುವುದಿಲ್ಲ. ವೀರ್ಯಾಣು ಹುಟ್ಟುವ ಮೊದಲು ತಂದೆಯ ವರ್ಣತಂತುವೂ ತಾಯಿಯ ವರ್ಣತಂತುವೂ ಜೋಡಿಯಾಗಿ ನಿಂತು, ಒಂದೇ ಜಾಗದಲ್ಲಿ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಬೇರೆಯಾಗುತ್ತವೆ. ಮಿಯಾಸಿಸ್ ಎಂಬ ಕೋಶವಿಭಜನೆಯಲ್ಲಿ ನಡೆಯುವ ಈ ವಿನಿಮಯವೇ ಕ್ರಾಸಿಂಗ್ ಓವರ್. ಅದು ವರ್ಣತಂತುವಿನ ಯಾವ ಜಾಗದಲ್ಲಿ, ಎಷ್ಟು ಬಾರಿ ನಡೆಯುತ್ತದೆ, ಯಾವ ಲಿಂಗದಲ್ಲಿ ನಡೆಯುವುದೇ ಇಲ್ಲ ಎಂಬ ಪ್ರಶ್ನೆಗಳಿಗೆ ಮೊದಲ ಉತ್ತರಗಳು ಸಿಕ್ಕಿದ್ದು ಬಹುಪಾಲು ಕೀಟಗಳಿಂದ. ಅದಕ್ಕೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಎಳೆ ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಇನ್ನೊಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣವನ್ನು ಮುಟ್ಟುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಮಿಡತೆ. ಅದರ ವರ್ಣತಂತುಗಳು ದೊಡ್ಡವು, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸ್ಪಷ್ಟವಾಗಿ ಕಾಣುವಂಥವು. 1902–03ರಲ್ಲಿ ಅಮೆರಿಕದ ವಾಲ್ಟರ್ ಸಟನ್ ಮಿಡತೆಯ ವೃಷಣಕೋಶಗಳನ್ನು ನೋಡಿ, ಮೆಂಡೆಲ್ ಹೇಳಿದ್ದ ಅಂಶಗಳನ್ನು ಹೊತ್ತಿರುವುದು ವರ್ಣತಂತುಗಳೇ ಎಂದು ವಾದಿಸಿದ. 1909ರಲ್ಲಿ ಬೆಲ್ಜಿಯಮ್ಮಿನ ಪಾದ್ರಿ ಫ್ರಾನ್ಸ್ ಅಲ್ಫೋನ್ಸ್ ಯಾನ್ಸೆನ್ಸ್, ಜೋಡಿಯಾದ ವರ್ಣತಂತುಗಳು ಅಲ್ಲಲ್ಲಿ ಒಂದರ ಮೇಲೊಂದು ಅಡ್ಡವಾಗಿ ಹಾಯ್ದಿರುವ ತಾಣಗಳನ್ನು ಗುರುತಿಸಿದ. ಅವಕ್ಕೆ ಕಯಾಸ್ಮಾ ಎಂದು ಹೆಸರಾಯಿತು. ತಂತುಗಳು ಬರಿದೇ ಅಡ್ಡ ಹಾಯುವುದಿಲ್ಲ, ಅಲ್ಲಿ ನಿಜವಾಗಿ ತುಂಡಾಗಿ ಕೂಡಿಕೊಳ್ಳುತ್ತವೆ ಎಂಬುದು ಯಾನ್ಸೆನ್ಸನ ಊಹೆ. ಆ ಊಹೆಯನ್ನು ಆಗ ಒಪ್ಪಿದವರಿಗಿಂತ ಒಪ್ಪದವರೇ ಹೆಚ್ಚು. ಒಪ್ಪಿದವರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮೋರ್ಗನ್ ಒಬ್ಬ.

ಮೋರ್ಗನ್‌ನ ಪ್ರಯೋಗಾಲಯದಲ್ಲಿ ಬಾಟಲಿಗಳ ತುಂಬ ಹಣ್ಣುನೊಣಗಳಿದ್ದವು. ಎರಡು ಗುಣಗಳು ಒಂದೇ ವರ್ಣತಂತುವಿನಲ್ಲಿದ್ದರೆ ಅವು ಸಾಮಾನ್ಯವಾಗಿ ಜೊತೆಯಾಗಿಯೇ ಮರಿಗಳಿಗೆ ಹೋಗುತ್ತವೆ, ಆದರೆ ಆಗಾಗ ಬೇರೆಯಾಗುವುದೂ ಉಂಟು. ದೂರ ಇದ್ದಷ್ಟೂ ಬೇರೆಯಾಗುವ ಸಂಭವ ಹೆಚ್ಚು ಎಂದು ಮೋರ್ಗನ್ 1911ರಲ್ಲಿ ಬರೆದ. ಅದೇ ವರ್ಷ ಅವನ ವಿದ್ಯಾರ್ಥಿ ಆಲ್ಫ್ರೆಡ್ ಸ್ಟರ್ಟೆವಂಟ್, ಇನ್ನೂ ಪದವಿ ಮುಗಿಸದ ಹುಡುಗ, ಪ್ರಯೋಗದ ಅಂಕಿಗಳನ್ನು ಮನೆಗೆ ಒಯ್ದು, ಕಾಲೇಜಿನ ಪಾಠ ಬದಿಗಿಟ್ಟು, ರಾತ್ರಿ ಕುಳಿತು ಜೀನುಗಳನ್ನು ಒಂದು ಗೆರೆಯ ಮೇಲೆ ಜೋಡಿಸಿದ. 1913ರಲ್ಲಿ ಪ್ರಕಟವಾದ ಆ ಗೆರೆಯೇ ಜಗತ್ತಿನ ಮೊದಲ ಜೀನ್ ನಕ್ಷೆ. ಅದಲುಬದಲು ವರ್ಣತಂತುವಿನ ಉದ್ದಕ್ಕೂ ಮನಬಂದಂತೆ ಬೀಳುವುದಿಲ್ಲ ಎಂಬ ಸುಳಿವೂ ಅಲ್ಲೇ ಸಿಕ್ಕಿತು. ಒಂದು ಕಡೆ ವಿನಿಮಯವಾದರೆ ಅದರ ಹತ್ತಿರದಲ್ಲಿ ಇನ್ನೊಂದು ಆಗುವುದು ಅಪರೂಪ. 1916ರಲ್ಲಿ ಹರ್ಮನ್ ಮುಲ್ಲರ್ ಈ ಪರಸ್ಪರ ಅಡ್ಡಿಯನ್ನು ವಿಸ್ತಾರವಾಗಿ ಅಳೆದು ಬರೆದ. ಒಂದು ಘಟನೆ ತನ್ನ ನೆರೆಯನ್ನು ಹೇಗೆ ತಡೆಯುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೆ ಪೂರ್ತಿಯಾಗಿ ಬಗೆಹರಿದಿಲ್ಲ.

ನೊಣಗಳು ಮುಂದಿಟ್ಟ ಇನ್ನೊಂದು ಸಂಗತಿ ಹೆಚ್ಚು ವಿಚಿತ್ರ. ಗಂಡುನೊಣದಲ್ಲಿ ಎರಡನೆಯ ವರ್ಣತಂತುವಿನ ಜೀನುಗಳು ಎಂದೂ ಬೇರೆಯಾಗುವುದಿಲ್ಲ ಎಂದು 1912ರಲ್ಲಿ ಮೋರ್ಗನ್ ತೋರಿಸಿದ. ಲಿಂಗ ವರ್ಣತಂತುಗಳಷ್ಟೇ ಅಲ್ಲ, ಯಾವ ವರ್ಣತಂತುವೂ ಗಂಡಿನಲ್ಲಿ ವಿನಿಮಯ ಮಾಡಿಕೊಳ್ಳುವುದಿಲ್ಲ ಎಂಬುದು ಮುಂದೆ ಖಚಿತವಾಯಿತು. ಇದು ಗಂಡುತನದ ಲಕ್ಷಣವೇ ಇರಬೇಕು ಎಂದು ಯಾರಾದರೂ ತೀರ್ಮಾನಿಸಬಹುದಿತ್ತು. ಆ ತೀರ್ಮಾನ ತಪ್ಪೆಂದು ತೋರಿಸಿದ್ದು ಜಪಾನಿನ ರೇಷ್ಮೆಹುಳು.

ಜಪಾನಿನಲ್ಲಿ ರೇಷ್ಮೆ ರಾಷ್ಟ್ರದ ಆದಾಯದ ವಿಷಯವಾಗಿತ್ತು, ಹಾಗಾಗಿ ಹುಳುವಿನ ಅನುವಂಶಿಕತೆ ಅಲ್ಲಿ ಹೊಟ್ಟೆಪಾಡಿನ ವಿಜ್ಞಾನ. ಸಯಾಮಿನಲ್ಲಿ ರೇಷ್ಮೆ ಸಲಹೆಗಾರನಾಗಿದ್ದ ಟೊಯಾಮ ಕಾಮೆತಾರೊ ಅಲ್ಲಿನ ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಸಂಕರ ಮಾಡಿ, ಮೆಂಡೆಲ್ ನಿಯಮಗಳು ಹುಳುವಿಗೂ ಹೊಂದುತ್ತವೆ ಎಂದು 1906ರಲ್ಲಿ ಪ್ರಕಟಿಸಿದ. ಸಂಕರದ ಮೊದಲ ಪೀಳಿಗೆ ತಂದೆತಾಯಿಗಿಂತ ಗಟ್ಟಿ, ರೈತನಿಗೆ ಅದನ್ನೇ ಕೊಡಬೇಕು ಎಂದು ಹೇಳಿದವನೂ ಅವನೇ. ಅವನ ನಂತರ ಬಂದ ತನಾಕಾ ಯೋಶಿಮಾರೊ 1913–14ರ ಹೊತ್ತಿಗೆ ಹುಳುವಿನ ಮೈಮೇಲಿನ ಗುರುತುಗಳೂ ಹಳದಿ ಬಣ್ಣವೂ ಒಟ್ಟಿಗೆ ಸಾಗುವುದನ್ನು ಅಳೆದ. ಗಂಡಿನಿಂದ ಬಂದ ಮರಿಗಳಲ್ಲಿ ಎರಡು ಗುಣಗಳು ಆಗಾಗ ಬೇರೆಯಾಗಿದ್ದವು. ಹೆಣ್ಣಿನಿಂದ ಬಂದವುಗಳಲ್ಲಿ ಒಮ್ಮೆಯೂ ಇಲ್ಲ. ನ್ಯೂಯಾರ್ಕಿನಲ್ಲಿ ಕುಳಿತು ಆ ಅಂಕಿಗಳನ್ನು ಓದಿದ ಸ್ಟರ್ಟೆವಂಟ್, ಹೆಣ್ಣು ರೇಷ್ಮೆಚಿಟ್ಟೆಯಲ್ಲಿ ಕ್ರಾಸಿಂಗ್ ಓವರ್ ಇಲ್ಲ ಎಂದು 1915ರಲ್ಲಿ ಒಂದು ಪುಟ್ಟ ಲೇಖನ ಬರೆದ. ನೊಣದಲ್ಲಿ ಎರಡು ಬಗೆಯ ಲಿಂಗ ವರ್ಣತಂತು ಇರುವುದು ಗಂಡಿಗೆ, ಎಕ್ಸ್ ಮತ್ತು ವೈ. ರೇಷ್ಮೆಹುಳುವಿನಲ್ಲಿ ಅದು ತಿರುಗುಮುರುಗು: ಜೆಡ್ ಮತ್ತು ಡಬ್ಲ್ಯೂ ಎರಡೂ ಇರುವುದು ಹೆಣ್ಣಿಗೆ. ಹಾಗಾದರೆ ವಿನಿಮಯ ನಿಲ್ಲುವುದಕ್ಕೂ ಗಂಡುತನಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಬೆಸ ಜೋಡಿಯ ಲಿಂಗ ವರ್ಣತಂತುಗಳ ಜೊತೆ.

ಇದೇ ಕಾಲಕ್ಕೆ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ಜಪಾನಿನ ರೇಷ್ಮೆವಿದ್ಯೆ ಕಾಲೂರಿತ್ತು. ಇಂದು ಹನುಮಂತನಗರ, ಬಸವನಗುಡಿ, ಯಡಿಯೂರು ಒಂದಕ್ಕೊಂದು ಅಂಟಿಕೊಂಡ ಬಡಾವಣೆಗಳು. ಆಗ ಬಸವನಗುಡಿ ಇನ್ನೂ ಹೊಸದು, ಅದರಾಚೆ ಹೊಲ, ತೋಪು, ಕೆರೆ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಜೆಮ್‌ಶೆಟ್ಜಿ ಟಾಟಾ ಮೈಸೂರು ಸರ್ಕಾರದ ನೆರವಿನೊಂದಿಗೆ ಅಲ್ಲೊಂದು ರೇಷ್ಮೆ ತೋಟ ಮಾಡಿ, ಜಪಾನಿನಿಂದ ಪರಿಣತರನ್ನು ಕರೆಸಿದರು. ಹಿಪ್ಪುನೇರಳೆ ಬೆಳೆಸುವುದು, ಹುಳು ಸಾಕುವುದು, ರೋಗವಿಲ್ಲದ ಮೊಟ್ಟೆ ಆರಿಸುವುದು, ನೂಲು ತೆಗೆಯುವುದು, ಎಲ್ಲವನ್ನೂ ಸ್ಥಳೀಯರಿಗೆ ಕಲಿಸುವುದು ಉದ್ದೇಶ. ಮುಂದೆ ಅದು ಸಾಲ್ವೇಶನ್ ಆರ್ಮಿಯ ಕೈಗೆ ಹೋಯಿತು. ತೋಟ ಹೋದರೂ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಆ ಭಾಗದ ವಿಳಾಸಗಳಲ್ಲಿ ಉಳಿದಿದೆ.

ಆ ತೋಟ ಕಲಿಸಿದ್ದು ಕಸುಬನ್ನು. ತಳಿಯ ವಿಜ್ಞಾನ ಮೈಸೂರು ಸೀಮೆಗೆ ಬಂದದ್ದು ಸ್ವಲ್ಪ ನಿಧಾನವಾಗಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಬಂಗಾಳದಿಂದ ತರಿಸಿದ ಹುಳುವಿನಿಂದ ಶುರುವಾದ ಇಲ್ಲಿನ ರೇಷ್ಮೆ, 19ನೇ ಶತಮಾನದಲ್ಲಿ ರೋಗದಿಂದ ನೆಲಕಚ್ಚಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಬಂದರು, ಚನ್ನಪಟ್ಟಣದಲ್ಲಿ ಸರ್ಕಾರಿ ಕ್ಷೇತ್ರ ಬೆಳೆಯಿತು. ಬಳಿಕ ಇಲಾಖೆಯ ಹೊಣೆ ಹೊತ್ತ ನವರತ್ನ ರಾಮರಾಯರು, ‘ಕೆಲವು ನೆನಪುಗಳು’ ಪುಸ್ತಕದಿಂದ ಕನ್ನಡ ಓದುಗರಿಗೆ ಪರಿಚಿತರಾದವರು, ರೋಗಮುಕ್ತ ಬಿತ್ತನೆಯನ್ನೂ ಮಿಶ್ರತಳಿಯನ್ನೂ ರೈತರ ಮನೆಬಾಗಿಲಿಗೆ ತಲುಪಿಸಲು ದುಡಿದರು. ಆ ದುಡಿಮೆಯ ಫಲ ಇಂದಿಗೂ ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ರಾಶಿ ಬೀಳುತ್ತದೆ.

ಮಿಶ್ರತಳಿಯ ಒಳಗುಟ್ಟು ವರ್ಣತಂತುಗಳಲ್ಲಿದೆ. ಹಸಿರು ಛಾಯೆಯ ಹಳದಿ ಗೂಡಿನ ಮೈಸೂರು ತಳಿ ಬಿಸಿಲು, ಬರ, ರೋಗ ತಡೆಯುತ್ತದೆ, ವರ್ಷವಿಡೀ ಮೊಟ್ಟೆಯೊಡೆಯುತ್ತದೆ, ಆದರೆ ಅದರ ಗೂಡಿನ ಎಳೆ ಸುಮಾರು 350–400 ಮೀಟರು ಮಾತ್ರ. ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ದ್ವಿತಳಿಯ ಬಿಳಿ ಗೂಡು 1000 ಮೀಟರಿನ ಆಸುಪಾಸು ಎಳೆ ಕೊಡುತ್ತದೆ, ಆದರೆ ಸುಕುಮಾರ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿದರೆ ರೈತನ ಮಿಶ್ರತಳಿ. ಹೆಣ್ಣು ಮೈಸೂರಿನದೇ ಆಗಬೇಕು. ಮೊಟ್ಟೆ ನಿದ್ದೆಗೆ ಜಾರದೆ ಬೇಗ ಒಡೆಯುವ ಗುಣ ತಾಯಿಯಿಂದ ನಿರ್ಧಾರವಾಗುತ್ತದೆ. ಈ ಮಿಶ್ರ ಬೆಳೆಯಿಂದಲೇ ಬಿತ್ತನೆ ಉಳಿಸಿಕೊಂಡರೆ ಮುಂದಿನ ಬೆಳೆ ಒಂದೊಂದು ಹುಳು ಒಂದೊಂದು ಥರ. ಮಿಶ್ರತಳಿಯ ಹೆಣ್ಣಿನಲ್ಲಿ ವಿನಿಮಯ ಇಲ್ಲದಿದ್ದರೂ 28 ಜೋಡಿಗಳು ಸ್ವತಂತ್ರವಾಗಿ ಹಂಚಿಹೋಗುವುದರಿಂದಲೇ 26 ಕೋಟಿಗೂ ಮೀರಿದ ಬಗೆಯ ಮೊಟ್ಟೆಗಳು ಸಾಧ್ಯ. ಗಂಡಿನಲ್ಲಿ ಅದರ ಮೇಲೆ ಅದಲುಬದಲೂ ಸೇರಿ ಲೆಕ್ಕ ಕೈಗೆ ಸಿಗದಷ್ಟು ಬೆಳೆಯುತ್ತದೆ.

1922ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ನೊಣ, ರೇಷ್ಮೆಹುಳು ಮೊದಲಾದವುಗಳ ದಾಖಲೆಗಳನ್ನು ಒಟ್ಟಿಗಿಟ್ಟು ನಿಯಮವೊಂದನ್ನು ಮುಂದಿಟ್ಟ: ಒಂದು ಲಿಂಗದಲ್ಲಿ ವಿನಿಮಯ ಇಲ್ಲವಾದರೆ ಅದು ಬೆಸ ಜೋಡಿಯ ಲಿಂಗವೇ ಆಗಿರುತ್ತದೆ. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. 1928ರಲ್ಲಿ ಜೂಲಿಯನ್ ಹಕ್ಸ್ಲಿ ಇನ್ನಷ್ಟು ಪುರಾವೆ ಸೇರಿಸಿದ್ದರಿಂದ ನಿಯಮಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು. ನಿಯಮ ನಿಂತಿತು, ಕಾರಣದ ಬಗ್ಗೆ ಒಮ್ಮತ ಮೂಡಲಿಲ್ಲ. ಎಕ್ಸ್ ಮತ್ತು ವೈ ಬೆರೆಯದಂತೆ ಹುಟ್ಟಿಕೊಂಡ ತಡೆ ಉಳಿದ ವರ್ಣತಂತುಗಳಿಗೂ ಹರಡಿತು ಎಂಬುದು ಹಳೆಯ ವಾದ. ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಜೀನುಗಳ ಮೇಲಿನ ಆಯ್ಕೆಯ ಒತ್ತಡ ಬೇರೆಬೇರೆ, ವ್ಯತ್ಯಾಸಕ್ಕೆ ಅದೇ ಮೂಲ ಎಂಬುದು ಅನಂತರದ್ದು. ಎರಡನ್ನೂ ಕೀಟಲೋಕ ಸುಲಭವಾಗಿ ಒಪ್ಪುವುದಿಲ್ಲ. ಮಿಡತೆಯ ಗಂಡು ಬೆಸ ಜೋಡಿಯದೇ ಆದರೂ ಅದರಲ್ಲಿ ಕಯಾಸ್ಮಾಗಳು ಧಾರಾಳ. ನೊಣಗಳಲ್ಲೇ ಡ್ರೊಸಾಫಿಲಾ ಅನನಾಸೆ ಎಂಬ ಜಾತಿಯ ಗಂಡು ವಿನಿಮಯ ಮಾಡಿಕೊಳ್ಳುತ್ತದೆ ಎಂದು 1937ರಲ್ಲಿ ಜಪಾನಿನ ಮೊರಿವಾಕಿ ಮತ್ತು ಕಿಕ್ಕಾವಾ ಕಂಡುಕೊಂಡರು. ಇನ್ನೊಂದು ತುದಿಯಲ್ಲಿ ಜೇನು. ರಾಣಿಜೇನಿನ ವರ್ಣತಂತುಗಳಲ್ಲಿ ಅದಲುಬದಲಿನ ದರ ಮನುಷ್ಯನದಕ್ಕಿಂತ ಹತ್ತಾರು ಪಟ್ಟು. ಒಂದೇ ಗೂಡಿನ ಕೆಲಸಗಾರ ನೊಣಗಳಲ್ಲಿ ವೈವಿಧ್ಯ ಹೆಚ್ಚಿದರೆ ರೋಗ ತಡೆಯಲು ಅನುಕೂಲ ಎಂಬ ವಿವರಣೆ ಇದೆ, ಎಲ್ಲರೂ ಒಪ್ಪಿಲ್ಲ.

ವಿನಿಮಯ ಇರುವ ಕಡೆ ಅದರ ಜಾಗ ಯಾರು ಗೊತ್ತುಮಾಡುತ್ತಾರೆ ಎಂಬುದು ಇನ್ನೂ ಆಳದ ಹುಡುಕಾಟ. ಯಾನ್ಸೆನ್ಸ್‌ನ ಊಹೆಗೆ ನೊಣದಲ್ಲಿ ಕಣ್ಣಾರೆ ಕಾಣುವ ಪುರಾವೆ ಕೊಟ್ಟದ್ದು 1931ರಲ್ಲಿ ಕರ್ಟ್ ಸ್ಟರ್ನ್. ಅದೇ ವರ್ಷ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಮುಸುಕಿನ ಜೋಳದಲ್ಲಿ ಅದನ್ನೇ ತೋರಿಸಿದರು. ಮರುವರ್ಷ ಜಾರ್ಜ್ ಬೀಡಲ್, ವರ್ಣತಂತುವಿನ ಒಂದು ಭಾಗವನ್ನು ಸೆಂಟ್ರೊಮಿಯರ್ ಎಂಬ ನಡುಗಂಟಿನ ಹತ್ತಿರಕ್ಕೆ ತಂದರೆ ಅಲ್ಲಿ ವಿನಿಮಯ ಕಡಿಮೆಯಾಗುತ್ತದೆ ಎಂದು ಕಂಡ. ನೊಣದ ಪುಟ್ಟ ನಾಲ್ಕನೆಯ ವರ್ಣತಂತುವಿನಲ್ಲಿ ಹೆಣ್ಣಿನಲ್ಲೂ ಅದು ನಡೆಯುವುದಿಲ್ಲ. ಎಲ್ಲ ಕೀಟಗಳಿಗೂ ಇದೇ ನಿಯಮ ಎನ್ನುವಂತಿಲ್ಲ. ಯುರೋಪಿನ ಜೌಗು ಹುಲ್ಲುಗಾವಲಿನ ಸ್ಟೆಥೊಫೈಮಾ ಗ್ರಾಸಮ್ ಎಂಬ ಮಿಡತೆಯ ಗಂಡಿನಲ್ಲಿ ಕಯಾಸ್ಮಾಗಳು ಬಹುಮಟ್ಟಿಗೆ ಸೆಂಟ್ರೊಮಿಯರಿನ ಮಗ್ಗುಲಲ್ಲೇ ಬಂದು ಕೂರುತ್ತವೆ. ಅದೇ ಜಾತಿಯ ಹೆಣ್ಣಿನಲ್ಲಿ ಅವು ಉದ್ದಕ್ಕೂ ಹರಡಿರುತ್ತವೆ. ರೇಷ್ಮೆಹುಳುವಿಗಂತೂ ಒಂದೇ ಜಾಗದ ಸೆಂಟ್ರೊಮಿಯರೇ ಇಲ್ಲ; ಕೋಶ ಎಳೆಯುವ ನೂಲು ವರ್ಣತಂತುವಿನ ಉದ್ದಕ್ಕೂ ಹಿಡಿಯುತ್ತದೆ.

ತಿರುವು ಬಂದದ್ದು ಹಳೆಯದೊಂದು ನೊಣದಿಂದ. 1922ರಲ್ಲಿ ಗೋವೆನ್ ದಂಪತಿ, ಹೆಣ್ಣಿನಲ್ಲೂ ಅದಲುಬದಲು ನಿಂತುಹೋದ ನೊಣವನ್ನು ವರದಿ ಮಾಡಿದ್ದರು. ಅದರ ದೋಷಕ್ಕೆ ಸಿ3ಜಿ ಎಂದು ಹೆಸರು. 1956ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ, ಜೋಡಿ ವರ್ಣತಂತುಗಳ ನಡುವೆ ಏಣಿಯಂಥ ರಚನೆ ಕಂಡಿತು. ಸೈನಾಪ್ಟೊನೀಮಲ್ ಕಾಂಪ್ಲೆಕ್ಸ್ ಎಂದು ಹೆಸರಾಯಿತು. ಆ ಏಣಿಯ ಮೆಟ್ಟಿಲಿನ ಪ್ರೋಟೀನನ್ನು ಮಾಡುವ ಜೀನೇ ಸಿ3ಜಿ ಎಂದು 2001ರಲ್ಲಿ ಸ್ಕಾಟ್ ಹಾಲಿ ತಂಡ ತೋರಿಸಿತು. ಎಪ್ಪತ್ತೊಂಬತ್ತು ವರ್ಷ ಒಂದು ನೊಣದ ಸಂತತಿಯನ್ನು ಬಾಟಲಿಯಿಂದ ಬಾಟಲಿಗೆ ದಾಟಿಸುತ್ತ ಕಾಪಾಡಿಕೊಂಡ ಕಾರಣಕ್ಕೆ ಸಿಕ್ಕ ಉತ್ತರ ಅದು. ಅಷ್ಟರಲ್ಲಿ ವಿನಿಮಯ ಶುರುವಾಗುವ ಬಗೆಯೂ ತಿಳಿದಿತ್ತು. ಕೋಶ ತಾನಾಗಿಯೇ ಒಂದು ಕಿಣ್ವದಿಂದ ಡಿಎನ್‌ಎಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಯೀಸ್ಟಿನಲ್ಲಿ ಅದರ ಹೆಸರು ಸ್ಪೋ11, ನೊಣದಲ್ಲಿ ಮೆಯ್-ಡಬ್ಲ್ಯೂ68. ಹೆಣ್ಣುನೊಣದ ಅಂಡಕೋಶದಲ್ಲಿ ಇಂಥ ಸುಮಾರು 20 ಕಡಿತಗಳಾಗುತ್ತವೆ, ವಿನಿಮಯವಾಗಿ ಮುಗಿಯುವುದು ಐದಾರು ಮಾತ್ರ. ಉಳಿದವನ್ನು ಕೋಶ ಸದ್ದಿಲ್ಲದೆ ಹೊಲಿದುಬಿಡುತ್ತದೆ. ಯಾವ ಐದಾರು ಎಂಬ ಆಯ್ಕೆಯೇ ಮುಲ್ಲರ್ ಎತ್ತಿದ ಪ್ರಶ್ನೆ. ವರ್ಣತಂತುವಿನಲ್ಲಿ ತುಂಬಿದ ಬಿಗಿತ ಒಂದು ಕಡೆ ಸಡಿಲಿದಾಗ ಆಚೀಚೆಯೂ ಸಡಿಲಿ ಇನ್ನೊಂದನ್ನು ತಪ್ಪಿಸುತ್ತದೆ ಎಂಬುದು ಒಂದು ಮಾದರಿ. ಏಣಿಯ ಉದ್ದಕ್ಕೂ ಹರಿದಾಡುವ ಪ್ರೋಟೀನು ಕೆಲವೇ ತಾಣಗಳಲ್ಲಿ ಗುಡ್ಡೆಯಾಗಿ, ದೊಡ್ಡ ಗುಡ್ಡೆ ಸಣ್ಣದನ್ನು ನುಂಗಿ ಬೆಳೆಯುತ್ತದೆ ಎಂಬುದು 2021ರಿಂದೀಚೆಗೆ, ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡದ ಅಧ್ಯಯನದಿಂದ, ಬಲಗೊಂಡ ಮಾದರಿ. ನೊಣದಲ್ಲಿ ಏಣಿಯನ್ನು ಅರೆಬರೆ ಕೆಡಿಸಿದರೆ ವಿನಿಮಯದ ತಾಣಗಳೇ ಜರುಗುತ್ತವೆ ಎಂಬುದು ಈ ಎರಡನೆಯ ವಿವರಣೆಯ ಕಡೆ ವಾಲುತ್ತದೆ.

ವಿನಿಮಯಕ್ಕೆ ಇನ್ನೊಂದು ಕೆಲಸವೂ ಇದೆ. ಅದು ಜೋಡಿ ವರ್ಣತಂತುಗಳನ್ನು ಬಿಗಿಯಾಗಿ ಹಿಡಿದಿಟ್ಟು, ವಿಭಜನೆಯಲ್ಲಿ ಒಂದೊಂದು ಒಂದೊಂದು ಕಡೆಗೆ ಹೋಗುವಂತೆ ಮಾಡುತ್ತದೆ. ಹಾಗಿದ್ದರೆ ವಿನಿಮಯವೇ ಇಲ್ಲದ ಹೆಣ್ಣು ರೇಷ್ಮೆಚಿಟ್ಟೆ ಹೇಗೆ ಸರಿಯಾಗಿ ಹಂಚುತ್ತದೆ? 1970ರ ದಶಕದಲ್ಲಿ ಡೆನ್ಮಾರ್ಕಿನ ರಾಸ್ಮುಸೆನ್ ಇದಕ್ಕೆ ಉತ್ತರ ಹುಡುಕಿದ. ಗಂಡಿನಲ್ಲಿ ಕೆಲಸ ಮುಗಿದೊಡನೆ ಕಳಚಿಕೊಳ್ಳುವ ಏಣಿ, ಹೆಣ್ಣಿನಲ್ಲಿ ಕಳಚುವುದಿಲ್ಲ. ಅದು ದಪ್ಪವಾಗಿ ರೂಪ ಬದಲಿಸಿ, ವಿಭಜನೆಯ ಕ್ಷಣದವರೆಗೂ ಜೋಡಿಯನ್ನು ಹಿಡಿದಿರುತ್ತದೆ. ಗಂಡುನೊಣ ಬೇರೆ ದಾರಿ ಹಿಡಿದಿದೆ: ಅದರಲ್ಲಿ ಏಣಿಯೇ ಕಟ್ಟುವುದಿಲ್ಲ, ಬೇರೆ ಪ್ರೋಟೀನುಗಳು ಜೋಡಿಯನ್ನು ಅಂಟಿಸಿಡುತ್ತವೆ.

ಹೆಣ್ಣು ರೇಷ್ಮೆಚಿಟ್ಟೆಯಲ್ಲಿ ವಿನಿಮಯವಿಲ್ಲದ ಈ ಗುಣ, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ಮಿಶ್ರತಳಿಗೆ ಹೆಣ್ಣು ಒಂದು ತಳಿಯದು, ಗಂಡು ಇನ್ನೊಂದರದ್ದು ಬೇಕು. ಚಿಟ್ಟೆಗಳು ಗೂಡು ಬಿಟ್ಟು ಬಂದ ಕೂಡಲೇ ಕೂಡುವುದರಿಂದ ಮೊದಲೇ ಬೇರ್ಪಡಿಸಬೇಕು. ಗೂಡು ಕತ್ತರಿಸಿ ಒಳಗಿನ ಪ್ಯೂಪಾವನ್ನು ಬೆರಳಲ್ಲಿ ಹಿಡಿದು ಹೊಟ್ಟೆಯ ಕಡೆ ತಿರುಗಿಸಿದರೆ, ಹೆಣ್ಣಿನ ಎಂಟನೆಯ ಉಂಗುರದಲ್ಲಿ ಗುಣಿಸು ಚಿಹ್ನೆಯಂಥ ಸಣ್ಣ ಗೆರೆ, ಗಂಡಿನ ಒಂಬತ್ತನೆಯದರಲ್ಲಿ ಒಂದು ಚುಕ್ಕೆ. ಸಾವಿರಾರು ಪ್ಯೂಪಾಗಳನ್ನು ಹೀಗೆ ಒಂದೊಂದಾಗಿ ನೋಡುವುದು ಕಣ್ಣಿಗೂ ಬೆರಳಿಗೂ ತ್ರಾಸ, ಬಿಡಿಸಿಡುವ ಕೈ ಬಹುಪಾಲು ಹೆಣ್ಣುಮಕ್ಕಳದು. 1940ರ ದಶಕದಲ್ಲಿ ಜಪಾನಿನ ತಾಜಿಮಾ ಯತಾರೊ, ತನಾಕಾ ಅಳೆದಿದ್ದ ಅದೇ ಎರಡನೆಯ ವರ್ಣತಂತುವಿನ ಮಚ್ಚೆಯ ಜೀನನ್ನು ಎಕ್ಸ್-ರೇ ಹಾಯಿಸಿ ಕಿತ್ತು ಡಬ್ಲ್ಯೂ ವರ್ಣತಂತುವಿಗೆ ಅಂಟುವಂತೆ ಮಾಡಿದ. ಡಬ್ಲ್ಯೂ ಇರುವುದು ಹೆಣ್ಣಿಗೆ ಮಾತ್ರ, ಹೆಣ್ಣಿನಲ್ಲಿ ವಿನಿಮಯವಿಲ್ಲ, ಹಾಗಾಗಿ ಮಚ್ಚೆ ಎಂದೂ ಗಂಡಿಗೆ ಜಾರುವುದಿಲ್ಲ. ಹುಳುವಿನ ಹಂತದಲ್ಲೇ ಮಚ್ಚೆಯಿರುವುದು ಹೆಣ್ಣು, ಬಿಳಿ ಮೈ ಗಂಡು. 1961ರಲ್ಲಿ ಶುರುವಾದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲೂ ಇಂಥ ತಳಿಗಳು ಬೆಳೆದವು. ದ್ವಿತಳಿಗೆ ಮೈಸೂರು ತಳಿಯ ಒಂದೇ ಒಂದು ಗುಣ ಸೇರಿಸಬೇಕಾದಾಗಲೂ ತಳಿಗಾರನ ಲೆಕ್ಕ ಇದರ ಮೇಲೇ ನಿಂತಿದೆ. ಹೆಣ್ಣಿನ ಮೂಲಕ ದಾಟಿಸಿದರೆ ಇಡೀ ವರ್ಣತಂತು ಬರುತ್ತದೆ, ಬೇಡದ್ದೂ ಸೇರಿ. ಬೇಕಾದಷ್ಟೇ ತುಂಡು ಕತ್ತರಿಸಿಕೊಳ್ಳಲು ಗಂಡಿನ ಮೂಲಕವೇ ಹೋಗಬೇಕು.

ಮೊದಲು ಹೇಳಿದ ಇನ್ನೊಂದು ಎಳೆ ಹಣ್ಣುನೊಣದ್ದು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ.ಆರ್. ರಾಜಶೇಖರಶೆಟ್ಟರು ಕಟ್ಟಿದ ಕೋಶತಳಿಶಾಸ್ತ್ರದ ಪರಂಪರೆಯಿಂದ ಹಣ್ಣುನೊಣಗಳ ದೊಡ್ಡ ಸಂಗ್ರಹ ಬೆಳೆಯಿತು. ಅಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಎರಡು ಹತ್ತಿರದ ನೊಣಗಳನ್ನು ಒಟ್ಟಿಗೆ ಸಾಕಿದರು. ಡ್ರೊಸಾಫಿಲಾ ನಸೂಟಾದಲ್ಲಿ 8 ವರ್ಣತಂತು, ಆಲ್ಬೊಮಿಕಾನ್ಸ್‌ನಲ್ಲಿ 6. ಎರಡನೆಯದರಲ್ಲಿ ಮೂರನೆಯ ವರ್ಣತಂತು ಎಕ್ಸ್‌ಗೂ ವೈಗೂ ಬೆಸೆದುಕೊಂಡಿದೆ. ಇವೆರಡರ ಸಂಕರಗಳು ಬಂಜೆಯಾಗದೆ ಪೀಳಿಗೆಗಳಾಗಿ ಬೆಳೆದು, ಎರಡರ ವರ್ಣತಂತುಗಳನ್ನೂ ಬೆರೆಸಿಕೊಂಡ ಹೊಸ ಬಗೆಗಳಾದವು. 1986ರಲ್ಲಿ ವರದಿಯಾದ ಈ ಬಗೆಗಳಿಗೆ ಸೈಟೊರೇಸ್ ಎಂದು ಹೆಸರಿಟ್ಟರು. ಜಾತಿ ಹುಟ್ಟುವ ಪ್ರಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಕಣ್ಣೆದುರೇ ನೋಡುವ ಅವಕಾಶ ಅದು.

ಈ ಎರಡು ನೊಣಗಳು ಮುಂದೆ ಜಗತ್ತಿನ ಗಮನ ಸೆಳೆದದ್ದು ಅದಲುಬದಲಿನ ಕಾರಣಕ್ಕೆ. ಗಂಡುನೊಣದಲ್ಲಿ ವಿನಿಮಯವಿಲ್ಲದಿದ್ದರೆ ವೈಗೆ ಬೆಸೆದ ವರ್ಣತಂತು ಆ ದಿನದಿಂದಲೇ ಒಂಟಿ. ತಪ್ಪುಗಳನ್ನು ತೊಳೆದುಕೊಳ್ಳಲು ಅದಕ್ಕೆ ದಾರಿಯಿಲ್ಲ, ಕ್ರಮೇಣ ಸವೆಯಬೇಕು. ಆದರೆ 2012ರಲ್ಲಿ ಆಲ್ಬೊಮಿಕಾನ್ಸ್ ಜೀನೋಮ್ ಓದಿದಾಗ ಅದರ ಹೊಸ ವೈನಲ್ಲಿ ಹೆಚ್ಚಿನ ಜೀನುಗಳು ಇನ್ನೂ ಇದ್ದವು, ಕೆಲವು ಮಾತ್ರ ಮಂಕಾಗಲು ತೊಡಗಿದ್ದವು. 2016 ಮತ್ತು 2019ರ ಅಧ್ಯಯನಗಳು ಕಾರಣ ಹೇಳಿದವು. ನಸೂಟಾದ ಗಂಡು ಅದಲುಬದಲು ಮಾಡಿಕೊಳ್ಳುತ್ತದೆ. ಆಲ್ಬೊಮಿಕಾನ್ಸ್‌ನ ಪೂರ್ವಜ ಗಂಡುಗಳೂ ಮಾಡಿಕೊಳ್ಳುತ್ತಿದ್ದವು, ಮೂರನೆಯ ವರ್ಣತಂತು ವೈಗೆ ಬೆಸೆದ ಮೇಲೂ ಕೆಲ ಕಾಲ ಹೊಸ ಎಕ್ಸ್ ಮತ್ತು ಹೊಸ ವೈ ತುಂಡು ಬದಲಾಯಿಸಿಕೊಂಡವು, ಆಮೇಲೆ ಅದು ನಿಂತಿತು. ಬೇರೆಬೇರೆ ಪ್ರದೇಶಗಳಲ್ಲಿ ಹರಡಿದ ಮೂರು ಬಗೆಯ ಹೊಸ ವೈಗಳಲ್ಲಿ ಸವೆತ ಬೇರೆಬೇರೆ ಹೊತ್ತಿಗೆ ಶುರುವಾಗಿದೆ.